ಪಂಜರಕ್ಕೆ ಬರಲೊಲ್ಲದ ಚಿನ್ನಿ

ಹೋದ ವರ್ಷ ಶ್ರಾವಣ ಮುಗಿದ ಹೊಸತರ ಮಾತು. ಆ ಸಂಜೆಯನ್ನು ನಾನು ಇನ್ನೂ ಮರೆತಿಲ್ಲ.

ನಾವು ಗಂಗಾವತಿಯವರು. ನನ್ನ ಯಜಮಾನರಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಬಿರುಗಾಳಿಗೆ ಗಿರಣಿಯ ಅಂಗಳದಲ್ಲಿ ಬಿದ್ದಿದ್ದ ಗಿಳಿಮರಿಯೊಂದನ್ನು ಅವರೇ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಗಾಯ ಮಾಯಿತು, ರೆಕ್ಕೆ ಮಾತ್ರ ಸೊಟ್ಟಗೇ ಉಳಿಯಿತು. ಹಾರಲು ಬಾರದು. ನಮ್ಮತ್ತೆ ಅದಕ್ಕೆ ಚಿನ್ನಿ ಎಂದು ಹೆಸರಿಟ್ಟರು. ಹಗಲೆಲ್ಲ ಪಡಸಾಲೆಯಲ್ಲಿ ಓಡಾಡಿ, ಸಂಜೆಯಾದರೆ ತಾನೇ ಪಂಜರ ಸೇರುತ್ತಿತ್ತು. ಓಣಿಯಲ್ಲಿ ಒಂದು ಗಂಡು ಬೆಕ್ಕು ಇತ್ತು, ಹಾಗಾಗಿ ಪಂಜರ ತಪ್ಪಿಸುವಂತಿರಲಿಲ್ಲ.

ಒಂದು ದಿನ ಕುಕನೂರಿನಿಂದ ಬಂದ ನೆಂಟರ ಹೆಂಗಸೊಬ್ಬರು, “ಏನ್ ಛಂದ ಐತ್ರೀ ನಿಮ್ಮ ಗಿಣಿ! ಕಣ್ಣು ತೆಗಿಯಾಕ ಆಗವಲ್ದು” ಅಂದರು. ಮರುದಿನ ಚಿನ್ನಿ ಕಾಳು ಮುಟ್ಟಲಿಲ್ಲ.

“ಆಕಿ ಕಣ್ಣು ಬಿದ್ದೈತಿ ನೋಡವ್ವಾ” ಎಂದು ಅತ್ತೆ ಪೇಟೆಗೆ ಹೋಗಿ, ಹೊಸ ಮನೆಗಳಿಗೆ ಕಟ್ಟುತ್ತಾರಲ್ಲ, ಹಲ್ಲು ಕಿಸಿದು ದೊಡ್ಡ ಕಣ್ಣು ಬಿಟ್ಟ ದೃಷ್ಟಿಗೊಂಬೆ, ಅಂಥದ್ದೊಂದು ಚಿಕ್ಕದನ್ನು ತಂದರು. ಅಮಾವಾಸ್ಯೆಯ ದಿನ ಪೂಜೆ ಮಾಡಿ ಪಂಜರದ ಬಾಗಿಲ ಮೇಲೆ ಕಟ್ಟಿದರು.

ಅಂದಿನಿಂದ ಚಿನ್ನಿ ಪಂಜರದ ಹತ್ತಿರ ಸುಳಿಯಲಿಲ್ಲ. ಸಂಜೆಯಾದರೆ ಒಂದೇ ಸಮ ಕಿರುಚಾಟ. ಎರಡು ದಿನ ಹೇಗೋ ಹಿಡಿದು ಒಳಗೆ ದಬ್ಬಿದೆ. “ಇದಕ್ಕ ಸೊಕ್ಕು ಬಂದೈತ್ರೀ ಅತ್ತಿ” ಅಂತ ಬೈದೆ ಕೂಡ.

ಮೂರನೆಯ ಸಂಜೆ ತಾಳ್ಮೆ ಕೆಟ್ಟು ಮೇಲೆ ಟವೆಲ್ ಹಾಕಿ ಹಿಡಿದೆ. ಬೆರಳನ್ನು ಕಚ್ಚಿತು ನೋಡಿ, ರಕ್ತ ಚಿಮ್ಮಿತು! ಕೈಬಿಟ್ಟೆ. ಪಟಪಟ ರೆಕ್ಕೆ ಬಡಿಯುತ್ತ ಹಿತ್ತಲಿಗೆ ಓಡಿ, ಕಾಂಪೌಂಡ್ ಗೋಡೆಯ ಬುಡದಲ್ಲಿ ನಿಂತಿತು. ತಲೆ ಎತ್ತಿದರೆ ಗೋಡೆಯ ಮೇಲೆ ಅದೇ ಗಂಡು ಬೆಕ್ಕು, ಮೈ ಕುಗ್ಗಿಸಿ ಕೂತಿದೆ.

ನಾನು ಒಂದು ಹೆಜ್ಜೆ ಮುಂದಿಟ್ಟರೆ ಚಿನ್ನಿ ನನಗೆ ಹೆದರಿ ಎರಡು ಹೆಜ್ಜೆ ಗೋಡೆಯ ಕಡೆ ಹೋಗುತ್ತಿತ್ತು. ಬೆಕ್ಕಿಗೆ ಕಲ್ಲೆಸೆಯೋಣವೆಂದರೆ ಇದು ಇನ್ನೆಲ್ಲಿಗೆ ನುಗ್ಗುತ್ತದೋ. “ಹೇಮಗುಡ್ಡದ ದುರ್ಗಮ್ಮಾ, ಕಾಪಾಡ ತಾಯಿ” ಎನ್ನುತ್ತ ಅತ್ತೆ ಪಂಜರ ತಂದು, ಬಾಗಿಲು ತೆರೆದು ನೆಲದ ಮೇಲೆ ಇಟ್ಟರು.

ಚಿನ್ನಿ ಪಂಜರ ನೋಡಿತು. ನಾಲ್ಕು ಹೆಜ್ಜೆ ಬಂತು. ಅಷ್ಟರಲ್ಲಿ ಗಾಳಿಗೆ ಆ ಗೊಂಬೆ ಅದರತ್ತ ತಿರುಗಿತು. ಕಿರ್ರೆಂದು ಚೀರಿ ಮತ್ತೆ ಗೋಡೆಗೇ ಓಡಿತು.

ಆಗ ನನ್ನ ತಲೆಗೆ ಹೊಳೆಯಿತು. “ಅತ್ತಿ, ಅದು ಪಂಜರಕ್ಕ ಹೆದರವಲ್ದು, ಆ ಗೊಂಬಿ ಮಾರಿಗೆ ಹೆದರಾಕತ್ತೈತ್ರೀ! ಬಿಚ್ರಿ ಅದನ್ನ!”

“ಅಮಾಸಿಗೆ ಕಟ್ಟಿದ್ದು ಬಿಚ್ಚಬಾರದವ್ವಾ, ಕೇಡು ಆಗತೈತಿ.”

“ಇದಕ್ಕಿಂತ ಕೇಡು ಇನ್ನೇನ್ರೀ ಅತ್ತಿ?”

ಅತ್ತೆ ಬೆಕ್ಕನ್ನು ನೋಡಿದರು, ಚಿನ್ನಿಯನ್ನು ನೋಡಿದರು. ಗೊಂಬೆಯನ್ನು ಕಿತ್ತು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. “ಬಾ ನನ್ನವ್ವಾ, ಏನೂ ಇಲ್ಲ ಬಾ” ಅಂದರು. ನಾನು ಹಿಂದೆ ಸರಿದು ನೆಲಕ್ಕೆ ಕೂತೆ. ಚಿನ್ನಿ ಒಂದು ಹೆಜ್ಜೆ ಬಂತು, ನಿಂತಿತು. ಬೆಕ್ಕಿನ ಬಾಲ ಅಲುಗಿತು. ಮತ್ತೊಂದು ಹೆಜ್ಜೆ. ಕೊಕ್ಕಿನಿಂದ ಪಂಜರದ ಬಾಗಿಲು ಹಿಡಿದು ಒಳಗೆ ಹತ್ತಿತು. ನಾನು ಹಾರಿ ಬಾಗಿಲು ಹಾಕುವುದಕ್ಕೂ, ಬೆಕ್ಕು ಪಂಜರದ ಮೇಲೆ ಧಪ್ಪೆಂದು ಬೀಳುವುದಕ್ಕೂ ಸರಿಹೋಯಿತು!

ಅತ್ತೆ ಸೆರಗಿನಲ್ಲಿದ್ದ ದೃಷ್ಟಿಗೊಂಬೆಯನ್ನು ತೆಗೆದು ಬೆಕ್ಕಿಗೇ ಬೀಸಿ ಹೊಡೆದರು. “ಹೋಗ್, ನಿನ್ನ ಹೆಣಾ ಎತ್ಲಿ!” ಬೆಕ್ಕು ದಿಕ್ಕೆಟ್ಟು ಓಡಿತು. ನಾವಿಬ್ಬರೂ ಪಂಜರ ತಬ್ಬಿಕೊಂಡು ಅತ್ತೆವು.

ಆಮೇಲೆ ಚಿನ್ನಿಯನ್ನು ಒಂದು ದಿನವೂ ದಬ್ಬಲಿಲ್ಲ. ಪಡಸಾಲೆಯಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ನೆನೆಸಿದ ಕಡಲೆ ಇಟ್ಟು ದೂರ ಕೂರುತ್ತಿದ್ದೆವು. ವಾರದೊಳಗೆ ಮೊದಲಿನಂತೆ ತಾನೇ ಹೋಗತೊಡಗಿತು.

ಬೆರಳಿನ ಗಾಯದ ಗುರುತು ಇನ್ನೂ ಇದೆ. ಮೂರು ದಿನ ಅದು ಭಯದಿಂದ ಕೂಗಿಕೊಂಡರೆ ನಾನು ಸೊಕ್ಕು ಅಂದೆನಲ್ಲ, ಆ ನಾಚಿಕೆ ಹೋಗಿಲ್ಲ. ಈಗ ಚಿನ್ನಿ ಪಂಜರದ ಮುಂದೆ ಒಂದು ಗಳಿಗೆ ತಡೆದು ನಿಂತರೂ ಸಾಕು, ನಾನು ಅದರ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ, ಅಲ್ಲಿಂದ ಏನು ಕಾಣುತ್ತದೆ ಎಂದು ನೋಡುತ್ತೇನೆ.