ಅವ್ವನ ಬದಲಿಗೆ ಕೆಮ್ಮಿದ ವಾರ

ಕಳೆದ ವಾರವೆಲ್ಲ ನಾನು ಕೆಮ್ಮಿದೆ. ಮನೆಯಲ್ಲಿ ಕೆಮ್ಮಿದೆ, ಬೀದಿಯಲ್ಲಿ ಕೆಮ್ಮಿದೆ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲೂ ಕೆಮ್ಮಿದೆ. ಕಷಾಯ ಕುಡಿದೆ, ಹಬೆ ತೆಗೆದುಕೊಂಡೆ, ಕಿವಿಗೆ ಮಫ್ಲರ್ ಸುತ್ತಿಕೊಂಡು ಪಾಠ ಮಾಡಿದೆ.

ನನಗೆ ಕೆಮ್ಮು ಇರಲಿಲ್ಲ.

(ಈಗಲೇ ನಗಬೇಡಿ. ಕಾರಣ ಕೇಳಿದ ಮೇಲೆ ನಕ್ಕರೆ ನನ್ನ ತಕರಾರಿಲ್ಲ.)

ಕೆಮ್ಮು ಇದ್ದದ್ದು ಅವ್ವನಿಗೆ. ಸುಗ್ಗಿಯಲ್ಲಿ ಕಣದ ಧೂಳು ಕುಡಿದು ಬಂದಿದ್ದಳು. ಅದರ ಮೇಲೆ ಈ ವರ್ಷದ ಚಳಿ. ನಮ್ಮ ಶಿಕಾರಿಪುರದಲ್ಲಿ ಈಗ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತ ಮನುಷ್ಯ ತಾನಾಗಿ ಏಳುವುದಿಲ್ಲ, ಎಬ್ಬಿಸಬೇಕು. ಅವ್ವ ಕೆಮ್ಮತೊಡಗಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಜ್ವರವೇನೂ ಇರಲಿಲ್ಲ. ಆದರೆ ಹೀಗೇ ಬಿಟ್ಟರೆ ಕಫ ಎದೆಗೆ ಕೂತುಬಿಟ್ಟೀತು ಎಂದು ನನಗೂ ಪಾರ್ವತಿಗೂ ಭಯ. (ಪಾರ್ವತಿ ನನ್ನ ಹೆಂಡತಿ. ಸೊರಬದ ಕಡೆ, ಕುಬಟೂರಿನವಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ.)

ಆಸ್ಪತ್ರೆಗೆ ಹೋಗೋಣ ನಡಿ ಎಂದೆ.

"ಯಾರಿಗೆ ಏನಾಗೈತಿ?" ಎಂದಳು ಅವ್ವ.

"ನಿನಗೇ ಅವ್ವಾ. ಕೆಮ್ಮು."

"ಇದು ಕೆಮ್ಮಲ್ಲೋ ತಮ್ಮಾ. ಭತ್ತದ ಸುಂಕು ಗಂಟಲಾಗ ಸಿಕ್ಕೈತಿ. ಇಳಿತೈತಿ ಬಿಡು."

ಸುಗ್ಗಿ ಮುಗಿದು ಭತ್ತ ಕಣಜಕ್ಕೆ ಇಳಿಯಿತು. ಸುಂಕು ಮಾತ್ರ ಇಳಿಯಲಿಲ್ಲ.

ಅವ್ವನ ಕಷ್ಟ ಏನೆಂದು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಯಾರಿಗೆ ನೆಗಡಿಯಾದರೂ ಲೋಟ ಹಿಡಿದುಕೊಂಡು ನಮ್ಮ ಮನೆಗೇ ಬರುವುದು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಕುಟ್ಟಿ ಡಬ್ಬಿಗೆ ತುಂಬಿಟ್ಟಿರುತ್ತಾಳೆ. ಆ ಪುಡಿ, ಒಂದು ಚೂರು ಬೆಲ್ಲ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿ. ಅಷ್ಟೇ. ನಮ್ಮ ಮನೆತನಕ್ಕೆ ನಾನು ಮೊದಲ ಗ್ರಾಜುಯೇಟ್. (ಹೇಳಿಕೊಳ್ಳುತ್ತೇನೆ. ನಾಚಿಕೆ ಏಕೆ? ಕಳೆ ಕಿತ್ತ ಕೈಯಲ್ಲೇ ಪರೀಕ್ಷೆ ಬರೆದವನು ನಾನು.) ಕಾಲೇಜಿನ ಚಳಿಗಾಲಗಳಲ್ಲಿ ಅವ್ವ ಅದೇ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ನನ್ನ ಬಿ.ಎ.ಯಲ್ಲಿ ಅರ್ಧ ಪಾಲು ಆ ಗಂಟಿನದು.

ಅಂಥವಳು ತಾನೇ ಕೆಮ್ಮಿದರೆ ಹೇಗೆ? ಬೀದಿಯವರು ಏನೆಂದಾರು? ಹೋಗಲಿ, ತನ್ನ ಪುಡಿಯನ್ನು ತಾನೇ ಕುಡಿಯಬಾರದೇ? ಕುಡಿದರೆ ಕಾಯಿಲೆ ಇದೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ!

ಪಾರ್ವತಿ ತವರಿನ ಬೇಲಿಯಿಂದ ಆಡುಸೋಗೆಯ ಕಡ್ಡಿ ತಂದು ನಮ್ಮ ಹಿತ್ತಿಲಲ್ಲಿ ನೆಟ್ಟಿದ್ದಳು. ಅದು ಚಿಗುರಿ ಪೊದೆಯಾಗಿತ್ತು. ಒಂದಿಷ್ಟು ಎಲೆ ಕಿತ್ತು, ತುಳಸಿ, ಹಿಪ್ಪಲಿ ಸೇರಿಸಿ ಕಾಯಿಸಿ ಲೋಟ ಹಿಡಿದು ನಿಂತಳು.

"ಒಂದು ಗುಟುಕು ಕುಡೀರಿ ಅತ್ತೆ. ನಮ್ಮ ಕಡೆ ಕೆಮ್ಮಿಗೆ ಇದೇ ಕೊಡದು."

"ಮೇಕೆ ಸೈತ ಮೂಸಿ ನೋಡಿ ಬಿಟ್ಟು ಹೋಗೋ ಸೊಪ್ಪವ್ವಾ ಇದು. ನನಗ್ಯಾಕ?" ಎಂದಳು ಅವ್ವ. ಲೋಟ ಕಟ್ಟೆಯ ಮೇಲೆ ಕೂತು ಆರಿತು.

ಪಾರ್ವತಿ ಅಳುತ್ತಾಳೇನೋ ಅಂದುಕೊಂಡೆ. ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು.

"ರೀ, ನಾಳೆಯಿಂದ ನೀವು ಕೆಮ್ಮಿ."

"ನಾನಾ?"

"ಹ್ಞೂಂ. ನಿಮಗೆ ಅಂತ ಕಷಾಯ ಕಾಯಿಸ್ತೀನಿ. ಸೊಸೆ ಕಾಯಿಸಿದ್ದು ಮಗನ ಹೊಟ್ಟೆಗೆ ಹೋಗೋ ಮುಂಚೆ ಅವರು ರುಚಿ ನೋಡದೆ ಬಿಡ್ತಾರಾ? ಎಲ್ಲಿ, ಒಂದು ಸಲ ಕೆಮ್ಮಿ ನೋಡಾನ."

ಕೆಮ್ಮಿದೆ.

"ಅದೆಂಥ ಕೆಮ್ಮು ಮಾರಾಯ್ರೆ! ಗುಡವಿ ಕೆರೆ ಕೊಕ್ಕರೆಗೆ ಮೀನು ಸಿಕ್ಕಿಹಾಕ್ಕಂಡಂಗೆ ಐತೆ."

(ಕಾಲೇಜಿನ ನಾಟಕದಲ್ಲಿ ನನಗೆ ಕೊಟ್ಟಿದ್ದು ಹೆಣದ ಪಾರ್ಟು. ಅದನ್ನು ಚೆನ್ನಾಗಿಯೇ ಮಾಡಿದ್ದೆ. ಮಾತಿನ ಪಾರ್ಟು ಇದೇ ಮೊದಲು.)

ಮಾರನೆಯ ಬೆಳಿಗ್ಗೆ ಹಾಸಿಗೆಯ ಮೇಲೇ ಶುರು ಮಾಡಿದೆ. ಅವ್ವ ಓಡಿ ಬಂದಳು. ತನ್ನ ಏದುಸಿರಿನ ನಡುವೆಯೇ ನನ್ನ ಎದೆ ನೀವಿದಳು. ನಿಜ ಹೇಳುತ್ತೇನೆ, ಆಗ ನನಗೆ ನಾಟಕ ಸಾಕು ಅನ್ನಿಸಿತ್ತು. ಆದರೆ ಅಡುಗೆಮನೆಯಿಂದ ಕೂಗು ಬಂತು.

"ಅತ್ತೇ, ಬೆಲ್ಲ ಸಾಕಾ ನೋಡಿ. ನಂಗೆ ಅಂದಾಜು ಸಿಗಂಗಿಲ್ಲ."

ಅವ್ವ ಹೋದಳು. ಒಂದು ಗುಟುಕು. ಮುಖ ಕಿವುಚಿದಳು.

"ಸಾಲದು."

ಬೆಲ್ಲ ಬಿತ್ತು. ಇನ್ನೊಂದು ಗುಟುಕು.

"ಮೆಣಸೆಲ್ಲೈತಿ ಇದರಾಗ? ತಾ ಇಲ್ಲಿ ಡಬ್ಬಿ." ಅವ್ವನ ಪುಡಿಯೂ ಪಾತ್ರೆಗೆ ಬಿತ್ತು. ಕುದಿಯಿತು. ಮತ್ತೆ ರುಚಿ. ಈ ಸಲ ಗುಟುಕಲ್ಲ, ಅರ್ಧ ಲೋಟ. "ಹ್ಞಾಂ, ಈಗ ಕಷಾಯ ಅನ್ನಬೋದು. ಕೊಡು ಅವನಿಗೆ."

ರುಚಿ ನೋಡುವುದರಲ್ಲೇ ಅವ್ವನ ಹೊಟ್ಟೆಗೆ ಒಂದು ಲೋಟ ಸೇರಿತ್ತು. ನನ್ನ ಪಾಲಿಗೆ ಉಳಿದದ್ದು ತಳದ ಗಸಿ. ಪಾರ್ವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

ಉಪಾಯವೇನೋ ಗೆದ್ದಿತು. ಆದರೆ ಬೀದಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೇಷ್ಟ್ರಿಗೆ ಕೆಮ್ಮಂತೆ! ಇಷ್ಟು ದಿನ ನಮ್ಮ ಮನೆಯ ಕಷಾಯ ಕುಡಿದವರಿಗೆಲ್ಲ ಋಣ ತೀರಿಸುವ ಅವಕಾಶ. ಎದುರುಮನೆಯ ಬಸಮ್ಮಕ್ಕ ಸುಟ್ಟ ಬೆಳ್ಳುಳ್ಳಿ ತಂದು, ನಾನು ಅಗಿದು ನುಂಗುವವರೆಗೆ ಕದಲಲಿಲ್ಲ. "ಸರಿಯಾಗಿ ಅಗೀರಿ ಮೇಷ್ಟ್ರೇ, ಇಂಗ್ಲಿಷ್ ಓದಿದ ಹಲ್ಲಿಗೆ ಏನೂ ಆಗಾದಿಲ್ಲ" ಎಂದಳು. ಶಿರಾಳಕೊಪ್ಪದ ಸಂತೆಗೆ ಹೋಗಿದ್ದ ಅವಳ ಗಂಡ ಯಾವುದೋ ಬೇರು ತಂದುಕೊಟ್ಟ. ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. (ಅದನ್ನು ಮಾತ್ರ ನಾನು ಬಾಯಿಗಿಡಲಿಲ್ಲ. ಹೆಸರು ಗೊತ್ತಿಲ್ಲದ ಬೇರನ್ನು ನೀವೂ ಇಡಬೇಡಿ.) ಬೀದಿಯ ಇನ್ನು ಕೆಲವರು ಅರಿಸಿನದ ಕೊಂಬು ಸುಟ್ಟ ಹೊಗೆ ನನ್ನ ಮೂಗಿಗೆ ಹಿಡಿದರು. ಆಗ ಬಂದದ್ದು ನಿಜವಾದ ಕೆಮ್ಮು. ವಾರದಲ್ಲಿ ಅದೊಂದೇ.

ಇಷ್ಟೆಲ್ಲ ಸಹಿಸಿದ್ದೇಕೆ? ಒಂದು ಸಂಜೆ ಪೇಪರ್ ಓದುತ್ತ ಕೆಮ್ಮುವುದನ್ನು ಮರೆತೆ. "ಕಮ್ಮಿ ಆತೇನೋ? ಹಂಗಾದ್ರ ಇವತ್ತು ಕಷಾಯ ಬ್ಯಾಡ" ಎಂದಳು ಅವ್ವ, ಎಂದವಳೇ ಕಂಬ ಹಿಡಿದು ಕೆಮ್ಮಿದಳು. ನಾನು ಪೇಪರ್ ಎಸೆದು ಅವಳಿಗಿಂತ ಜೋರಾಗಿ ಕೆಮ್ಮಿದೆ. ಅವಳದು ನಿಲ್ಲುವವರೆಗೆ ನನ್ನದೂ ನಿಲ್ಲುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಿತ್ತಿಲಿನಿಂದ ಒಂದು ಕೂಗು ಕೇಳಿತು. "ಏ ಬಸಮ್ಮಾ, ನಿಮ್ಮ ಎಮ್ಮಿ ನಮ್ಮ ಬೇಲಿ ಹೊಕ್ಕೈತಿ ನೋಡ!" ಬೀದಿಯ ಆ ತುದಿಗೆ ಮುಟ್ಟುವ ಅವ್ವನ ಹಳೆಯ ಗಂಟಲು! ನಡುವೆ ಒಂದು ಕೆಮ್ಮಿಲ್ಲ. ನಾನೂ ಪಾರ್ವತಿಯೂ ಮುಖ ಮುಖ ನೋಡಿಕೊಂಡೆವು. ಆದರೂ ಎಚ್ಚರಿಕೆ ಇರಲಿ ಎಂದು, ಅವ್ವ ಒಳಗೆ ಬಂದಾಗ ಗಂಟಲು ಸರಿಮಾಡಿಕೊಂಡೆ.

"ಇವತ್ತು ಕೆಮ್ಮಬ್ಯಾಡ ತಮ್ಮಾ" ಎಂದಳು ಅವ್ವ. "ನನಗ ಕಮ್ಮಿ ಆಗೈತಿ."

ಪಾರ್ವತಿಯ ಕೈಯ ಸೌಟು ನೆಲಕ್ಕೆ ಬಿತ್ತು.

"ನಿನಗೆ ಗೊತ್ತಿತ್ತಾ?" ಎಂದೆ ನಾನು.

"ಹಡದಾಕಿಗೆ ಗೊತ್ತಾಗೂದಿಲ್ಲೇನೋ? ಕೆಮ್ಮು ಎದಿಯಿಂದ ಬರಬೇಕು. ನೀ ಹಲ್ಲಿನಿಂದ ಕೆಮ್ಮತಿದ್ದಿ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಅವ್ವ ಸೌಟು ಎತ್ತಿ ಸೊಸೆಯ ಕೈಗೆ ಕೊಟ್ಟಳು. "ಈಕಿ ಕಾಯಿಸಿದ್ದು ಕುಡಿದ್ರ ನಾ ರೋಗಿ ಆಗ್ತೀನಿ. ರುಚಿ ನೋಡಿದ್ರ ಅತ್ತಿ ಆಗೇ ಇರ್ತೀನಿ."

ಪಾರ್ವತಿ ನಕ್ಕ ನಗುವಿಗೆ ಅವ್ವನೂ ಸೇರಿದಳು. ನಾನೊಬ್ಬ ಬೆಳ್ಳುಳ್ಳಿ ವಾಸನೆಯಲ್ಲಿ ಕೂತಿದ್ದೆ.

ನಿಮ್ಮ ಮನೆಗಳಲ್ಲೂ ನೋಡಿ. ಎಲ್ಲರಿಗೂ ಕಷಾಯ ಕಾಯಿಸುವ ಕೈ ಒಂದಿರುತ್ತದೆ. ಆ ಕೈಗೆ ಲೋಟ ಕೊಡಲು ಹೋಗಿ, ತೆಗೆದುಕೊಳ್ಳುವುದಿಲ್ಲ. ಕಾಯಿಲೆ ಬೀಳುವುದು ಬೇರೆಯವರ ಕೆಲಸ ಎಂದು ಅದು ತೀರ್ಮಾನ ಮಾಡಿಬಿಟ್ಟಿರುತ್ತದೆ. ಇದೇನು ವಯಸ್ಸಾದವರ ಹಟವೇ? ಹಾಗೆಂದೇ ನಾನೂ ತಿಳಿದಿದ್ದೆ, ಇವತ್ತಿನವರೆಗೆ.

ಇವತ್ತು ಬೆಳಿಗ್ಗೆಯಿಂದ ಪಾರ್ವತಿಗೆ ಸೀನು. ಮೂಗು ಕೆಂಪಾಗಿದೆ, ಕಣ್ಣಲ್ಲಿ ನೀರು. ಕೇಳಿದರೆ ಒಲೆಯ ಹೊಗೆ ಅನ್ನುತ್ತಾಳೆ. ಕಷಾಯ ಬೇಡವಂತೆ. ಅವ್ವ ಡಬ್ಬಿ ಕೈಗೆತ್ತಿಕೊಂಡು ಒಂದು ಸಲ ಸೊಸೆಯ ಕಡೆ ನೋಡಿದಳು, ಆಮೇಲೆ ನಿಧಾನವಾಗಿ ನನ್ನ ಕಡೆ ನೋಡಿದಳು.

ಕೆಮ್ಮುವುದೇ ಬಾರದವನು, ಸೀನುವುದನ್ನು ಯಾರ ಹತ್ತಿರ ಕಲಿಯಲಿ?