ಸಂಜೀವಪ್ಪನ ಬ್ರೇಕಿನ ಲೆಕ್ಕ

ಸಂಜೀವಪ್ಪನ ಬಸ್ಸಿನಲ್ಲಿ ನಿಂತವರೂ ಕಂಬಿ ಹಿಡಿಯುತ್ತಿರಲಿಲ್ಲ. ಕುಂದಾಣದ ಕಡೆಯ ಹೆಂಗಸರನ್ನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಕರೆದೊಯ್ಯುತ್ತ ಹತ್ತೊಂಬತ್ತು ವರ್ಷ ಸವೆಸಿದ ಡ್ರೈವರು. ಆ ಹೆಂಗಸರಲ್ಲಿ ಮಾರಕ್ಕನಂಥ ಗಯ್ಯಾಳಿಯೇ ದಾರಿಯುದ್ದಕ್ಕೂ ಗೊರಕೆ ಹೊಡೆಯುತ್ತಿದ್ದಳು ಅಂದಮೇಲೆ ಇನ್ಯಾವ ಸರ್ಟಿಫಿಕೇಟು ಬೇಕು ಹೇಳಿ?

ಬಸ್ಸಿನ ಮಾಲೀಕರಿಗೆ ಬೇಕಿತ್ತಂತೆ. ಹೋದ ಯುಗಾದಿಗೆ ಎಲ್ಲ ಬಸ್ಸಿನಲ್ಲೂ ಸ್ಟೇರಿಂಗ್ ಪಕ್ಕ ಒಂದು ಕಪ್ಪು ಪೆಟ್ಟಿಗೆ ಅಂಟಿಸಿದರು. ಯಾರು ಎಷ್ಟು ಜೋರಾಗಿ ಬ್ರೇಕ್ ಹಾಕಿದರೆಂದು ಅದು ಬರೆದುಕೊಳ್ಳುತ್ತದೆ. ನಾಲ್ಕು ದಾಟಿದರೆ ಒಂದು ಕೆಂಪು ಗೆರೆ, ಹತ್ತು ಗೆರೆಯಾದರೆ ಮ್ಯಾನೇಜರ್ ಮುಂದೆ ಹಾಜರಿ. ನಾಲ್ಕು ಏನು, ಕಿಲೋನೋ ಲೀಟರೋ, ಯಾರೊಬ್ಬರೂ ಹೇಳಲಿಲ್ಲ. ಆರು ತಿಂಗಳು ಸಂಜೀವಪ್ಪನಿಗೆ ಒಂದು ಗೆರೆಯೂ ಬೀಳಲಿಲ್ಲ.

ಆಯುಧಪೂಜೆ ಕಳೆದು ಎರಡು ವಾರಕ್ಕೆ ಅರವತ್ತೆರಡು ಬಿದ್ದವು. ಸೋಮವಾರ ಮ್ಯಾನೇಜರ್ ಮುಂದೆ ಹಾಜರಾಗಬೇಕೆಂದು ಕರೆ ಬಂತು. ಮನುಷ್ಯ ಕಂಗಾಲಾದ. ವಯಸ್ಸಾಗಿ ಕಾಲು ಕೈಕೊಟ್ಟಿತೇನೋ ಎಂದು ತನ್ನ ಕಾಲನ್ನೇ ಶಂಕಿಸಿದ. ಕೆಲಸ ಹೋದರೆ ಮಗಳು ಅಕ್ಷತಳ ಓದು ನಿಲ್ಲುತ್ತದೆಂಬ ಭಯಕ್ಕೆ, ಕೊನೆಗೆ ಅವಳ ಮುಂದೆಯೇ ಎಲ್ಲ ಹೇಳಿಕೊಂಡ.

ಪಿಯುಸಿ ಸೈನ್ಸ್ ಓದುತ್ತಿದ್ದ ಅಕ್ಷತಳೇ ಭಾನುವಾರ ಬಸ್ ಹತ್ತಿ ನೋಡಿದಳು. ಪೂಜೆಯ ದಿನ ಸಂಜೀವಪ್ಪ ಪೆಟ್ಟಿಗೆಯನ್ನು ಕಿತ್ತು, ಒರೆಸಿ, ಕುಂಕುಮವಿಟ್ಟು ಮತ್ತೆ ಅಂಟಿಸಿದ್ದ. ಸ್ಟೇರಿಂಗಿಗೆ ಪೂಜೆ ಮಾಡಿ ಅದರ ಪಕ್ಕದಲ್ಲೇ ಇರುವುದನ್ನು ಬಿಡುವುದುಂಟೇ? ಅಂಟಿಸುವಾಗ ಅದರ ಮೂತಿ ಸ್ವಲ್ಪ ಕೆಳಗೆ ಬಾಗಿತ್ತು.

“ನಾಲ್ಕು ಅಂದ್ರೆ, ಒಂದೊಂದು ಸೆಕೆಂಡ್ಗೂ ಬಸ್ಸಿನ ವೇಗ ಸೆಕೆಂಡಿಗೆ ನಾಲ್ಕು ಮೀಟರ್ ಕಮ್ಮಿ ಆಗೋದು ಅಪ್ಪಾ,” ಎಂದಳು. “ಭೂಮಿ ಎಲ್ಲಾನೂ ಅದೇ ಲೆಕ್ಕದಲ್ಲಿ ಒಂಬತ್ತು ಪಾಯಿಂಟ್ ಎಂಟರಲ್ಲಿ ಕೆಳಕ್ಕೆ ಎಳೀತಾನೇ ಇರುತ್ತೆ. ಪೆಟ್ಟಿಗೆ ಬಾಗಿರೋದ್ರಿಂದ ಅದ್ರಲ್ಲಿ ಎರಡೂವರೆ ನಿನ್ ಬ್ರೇಕಿನ ಲೆಕ್ಕಕ್ಕೆ ಸೇರ್ಕೊಂಡಿದೆ. ನೀನು ಹಾಕಿದ್ದು ಎರಡು, ಅದು ಬರ್ಕೊಂಡಿದ್ದು ನಾಲ್ಕೂವರೆ. ನಿನ್ ಕಾಲು ಸರಿಯಾಗೇ ಇದೆ.”

ಸಂಜೀವಪ್ಪನಿಗೆ ಅಳುವೇ ಬಂತು. ಅಕ್ಷತ ಚಿತ್ರ ಬಿಡಿಸಿ ಲೆಕ್ಕವನ್ನೆಲ್ಲ ಹಾಳೆಯಲ್ಲಿ ಬರೆದುಕೊಟ್ಟಳು. ಸೋಮವಾರ ಅವನು ಎದೆಯುಬ್ಬಿಸಿಕೊಂಡು ಹೋಗಿ ಅದನ್ನು ಮ್ಯಾನೇಜರ್ ಮುನಿರಾಜ್ ಮುಂದಿಟ್ಟ. ಮುನಿರಾಜ್ ಪೂರ್ತಿ ಓದಿ, ಹುಡುಗಿ ಬಲು ಬುದ್ಧಿವಂತೆ ಎಂದು ಮೆಚ್ಚಿಕೊಂಡ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

“ಪೆಟ್ಟಿಗೆ ಕಿತ್ತಿದ್ದು ಯಾರು?”

“ನಾನೇ ಸಾರ್. ಪೂಜೆಗೆ.”

ಜೋರಾಗಿ ಬ್ರೇಕ್ ಹಾಕುವವರಿಗೆ ಮೂರು ದಿನ ತರಬೇತಿ ಕೊಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ಪೆಟ್ಟಿಗೆ ಮುಟ್ಟಿದವರನ್ನು ಮಾತ್ರ ಅವತ್ತೇ ಮನೆಗೆ ಕಳಿಸಬೇಕೆಂಬುದು ನಿಯಮ. ಪೂಜೆಗೋ ಮೋಸಕ್ಕೋ ಎಂದು ಕೇಳುವವರಿಲ್ಲ. ಮಗಳು ಬರೆದ ಹಾಳೆಯನ್ನೇ ತಪ್ಪೊಪ್ಪಿಗೆಯೆಂದು ಫೈಲಿಗೆ ಸೇರಿಸಿ, ಕೆಳಗೆ ಅವನಿಂದ ಸಹಿ ಹಾಕಿಸಿಕೊಂಡರು. ಹಾಳಾದ ನಿಯಮ!

ಹೊತ್ತು ನೆತ್ತಿಗೇರುವ ಮೊದಲೇ ಮನೆಗೆ ಬಂದ ಅಪ್ಪನನ್ನು ಕಂಡು, ಕಾಲೇಜಿಗೆ ಹೋಗದೆ ಕಾದಿದ್ದ ಅಕ್ಷತ ಓಡಿಬಂದಳು. ಲೆಕ್ಕ ತಪ್ಪಾಗಿತ್ತಾ ಎಂದು ಕೇಳಿದಳು. ಸರಿಯಾಗಿತ್ತೆಂದು ಹೇಳಿ, ಸಂಜೀವಪ್ಪ ನಡೆದದ್ದನ್ನೆಲ್ಲ ಒದರಿಬಿಟ್ಟ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.



“ನಾನು ಹೇಳ್ದೇ ಇದ್ದಿದ್ರೆ ಕೆಲ್ಸ ಉಳೀತಿತ್ತಾ ಅಪ್ಪಾ?”

ಇಲ್ಲ ಎನ್ನಲು ಹೋದ ಸಂಜೀವಪ್ಪ, “ಮೂರ್ ದಿನ ತರಬೇತಿ ಕೊಟ್ಟು ಮತ್ತೆ ತಗೊಳ್ತಿದ್ರು,” ಎಂದುಬಿಟ್ಟ.