ಲುವೀನಿಯಾ ಆರಿಸಿದ ಒಲೆ

ಆರ್ವೆಲ್ ಪೆಟವೇ ಸತ್ತ ಮರುವರ್ಷ, ಈಸ್ಟರ್ ಹಬ್ಬದ ದಿನ, ಅವನು ಹಿತ್ತಲಲ್ಲಿ ಮಾಂಸ ಬೇಯಿಸುತ್ತಿದ್ದ ಕಬ್ಬಿಣದ ಒಲೆಯ ತಳವೂ ಕಳಚಿ ಬಿತ್ತು. ಅವನ ತಮ್ಮ ಹೋಲಿಸ್ ಬೆಂಕಿಗೂಡಿಗೆ ಓಕ್ ಮರದ ಒಂದು ಸೌದೆ ಎಸೆದನಷ್ಟೆ. ಸೌದೆ, ಕೆಂಡ, ತುಕ್ಕು ತಿಂದ ಕಬ್ಬಿಣ ಎಲ್ಲ ಒಟ್ಟಿಗೇ ಹಿತ್ತಲಿನ ಹುಲ್ಲಿನ ಮೇಲೆ ಬಿದ್ದವು. ಆರ್ವೆಲ್‌ನ ಹೆಂಡತಿ ಲುವೀನಿಯಾ ಕೈಗೆ ಸಿಕ್ಕಿದ ಜಗ್ಗು ತಂದು ಸುರಿದಳು. ಬೆಂಕಿ ಆರಿತು. ಜಗ್ಗಿನಲ್ಲಿದ್ದದ್ದು ಹಬ್ಬಕ್ಕೆಂದು ಮಾಡಿಟ್ಟ ಸಿಹಿ ಚಹಾ.

ಹೋಲಿಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಹೆಣದ ಮುಂದೆ ನಿಂತವನ ಹಾಗೆ. "ಅಣ್ಣನ ಜೊತೆಗೇ ಹೋಯ್ತು ಬಿಡಿ ಅತ್ತಿಗೆ. ಈ ಸಲದ ಜೂನ್‌ಟೀಂತ್ ನಮ್ಮನೇಲಿ ಮಾಡೋಣ. ನೀವು ಆಲೂಗಡ್ಡೆ ಸಲಾಡ್ ಮಾಡ್ಕೊಂಡು ಬಂದ್ಬಿಡಿ, ಸಾಕು. ಅದನ್ನ ನಿಮ್ಮ ಹಾಗೆ ಮಾಡೋರು ಈ ಊರಲ್ಲಿ ಯಾರಿದ್ದಾರೆ?"

ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಅಂದರೆ ಇದೇ. ಪೆಟವೇ ಮನೆತನದಲ್ಲಿ ಬೆಂಕಿ ಕಾಯುವವನು ಬರೀ ಅಡುಗೆಯವನಲ್ಲ. ಜೂನ್‌ಟೀಂತ್ ದಿನ, ಜೂನ್ ಹತ್ತೊಂಬತ್ತರಂದು, ಅಂದರೆ ಅವರ ಹಿರಿಯರಿಗೆ ಗುಲಾಮಗಿರಿಯಿಂದ ಬಿಡುಗಡೆಯಾದ ಸುದ್ದಿ ತಡವಾಗಿ ಟೆಕ್ಸಸ್ ಮುಟ್ಟಿದ ದಿನ, ಕುಟುಂಬದ ಕವಲುಗಳೆಲ್ಲ ಬಂದು ಸೇರುವುದು ಬೆಂಕಿ ಇರುವ ಅಂಗಳದಲ್ಲಿ. ಮಾಂಸಕ್ಕೆ ಚಾಕು ಹಾಕುವ ಮೊದಲು ತೀರಿಕೊಂಡವರ ಹೆಸರುಗಳನ್ನು ಕೂಗಿ ಹೇಳುವವನು ಬೆಂಕಿ ಕಾದವನೇ. ಒಮ್ಮೆ ಬೆಂಕಿ ಹೋಲಿಸನ ಅಂಗಳಕ್ಕೆ ಹೋಯಿತೆಂದರೆ ಜನರೂ ಅಲ್ಲಿಗೆ, ಹೆಸರುಗಳೂ ಅಲ್ಲಿಗೆ. ಲುವೀನಿಯಾಳ ಪಾಲಿಗೆ ಉಳಿಯುವುದು ಸಲಾಡಿನ ಬಟ್ಟಲು ಹಿಡಿದು ವರ್ಷಕ್ಕೊಮ್ಮೆ ಮೈದುನನ ಬಾಗಿಲು ತಟ್ಟುವುದು. ಅದು ಹೋಲಿಸನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಜೂನ್‌ಟೀಂತ್ ಇಲ್ಲೇ," ಎಂದಳು ಲುವೀನಿಯಾ. "ಹೊಸ ಒಲೆ ನಾನು ತರ್ತೀನಿ. ಬೆಂಕಿನೂ ನಾನೇ ಕಾಯ್ತೀನಿ."

"ನೀವಾ?" ಹೋಲಿಸ್ ನಕ್ಕ. "ನಮ್ಮ ಮನೇಲಿ ಹೆಂಗಸ್ರು ಯಾವತ್ತಾದ್ರೂ ಆ ಬೆಂಕಿ ಮುಟ್ಟಿದ್ದುಂಟಾ?"

"ಇಲ್ಲ. ಅದಕ್ಕೇ ಹೇಳ್ತಿರೋದು."

ಲುವೀನಿಯಾ ಪೆಟವೇ ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಎಂಥ ಗಲಾಟೆ ಎದ್ದರೂ ತಿರುಗಿ ನೋಡದೆ, ಮೇಲಿನ ಕನ್ನಡಿಯಲ್ಲೇ ಹುಬ್ಬು ಗಂಟಿಕ್ಕಿ ಅಡಗಿಸಿದವಳು. ಆ ಊರಿನಲ್ಲಿ ಮೀಸೆ ಬಂದ ಗಂಡಸರು ಈಗಲೂ ಅಂಗಡಿಯಲ್ಲಿ ಅವಳನ್ನು ಕಂಡರೆ ನೆಟ್ಟಗೆ ನಿಲ್ಲುತ್ತಾರೆ. ಆದರೆ ಮನೆಯ ಹಿತ್ತಲಲ್ಲಿ ಅವಳ ಆಟ ನಡೆದಿರಲಿಲ್ಲ. ಮದುವೆಯಾದಂದಿನಿಂದ ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಗಂಡನ ಬೆನ್ನು ನೋಡಿದ್ದೇ ನೋಡಿದ್ದು. ಕಥೆಗಳಲ್ಲಾದರೆ ಇಂಥ ಹೆಂಗಸರು ಗುಟ್ಟಾಗಿ ಎಲ್ಲ ಕಲಿತಿರುತ್ತಾರೆ, ಸಮಯ ಬಂದಾಗ ಗಂಡಸರ ಬಾಯಿ ಮುಚ್ಚಿಸುತ್ತಾರೆ. ಲುವೀನಿಯಾ ಏನೂ ಕಲಿತಿರಲಿಲ್ಲ. ಹೊಗೆ ತೆಳ್ಳಗೆ ನೀಲಿಯಾಗಿದ್ದರೆ ಆರ್ವೆಲ್ ಖುಷಿಯಲ್ಲಿದ್ದಾನೆ, ದಟ್ಟವಾಗಿ ಬೆಳ್ಳಗಿದ್ದರೆ ಮಾತಾಡಿಸಬಾರದು, ಇಷ್ಟೇ ಅವಳ ವಿದ್ಯೆ.

ಇನ್ನೊಂದು ಸಂಗತಿಯೂ ಗೊತ್ತಿತ್ತು. ಒಲೆಗೆ ಸೋಪು ತಾಗಬಾರದು, ಬೂದಿಗೆ ಸಲಿಕೆ ತಾಗಬಾರದು ಎಂಬುದು ಪೆಟವೇ ಗಂಡಸರ ಶಾಸನ. ಹಳೆಯ ಬೂದಿ ಹಳೆಯ ಬೆಂಕಿಯ ಗುಣ ಹಿಡಿದಿಟ್ಟುಕೊಳ್ಳುತ್ತದಂತೆ. "ಮಳೆ ನೀರು ಬಿದ್ದ ಬೂದಿ ಕಬ್ಬಿಣ ತಿನ್ನುತ್ತೆ ಕಣೋ ಮಾರಾಯ, ತೆಗಿ," ಎಂದು ಅವಳು ವರ್ಷವರ್ಷವೂ ಹೇಳಿದ್ದಳು. ಆರ್ವೆಲ್ ಕೇಳಲಿಲ್ಲ. ಈಗ ಒಲೆಯ ತಳವಿಲ್ಲ, ಬೈಯೋಣವೆಂದರೆ ಅವನೂ ಇಲ್ಲ. ಅವನ ಮೇಲೆ ಅವಳಿಗೆ ಸಿಟ್ಟಿತ್ತು, ಅವನಿಲ್ಲದ ಸಂಕಟವೂ ಇತ್ತು. ಎರಡಕ್ಕೂ ಒಂದೇ ಎದೆಯಲ್ಲಿ ಜಾಗ ಸಾಕಾಗುತ್ತಿರಲಿಲ್ಲ.

ಮಗಳು ಜೊನೆಟ್ಟಾ ಆಸ್ಪತ್ರೆಯಲ್ಲಿ ನರ್ಸು, ತಾಯಿಯ ಸೊಂಟನೋವಿನ ಚಿಂತೆ ಹಚ್ಚಿಕೊಂಡವಳು. ಅವಳು ಅಮ್ಮನನ್ನು ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಒಲೆಗಳು ಹೊಸ ಕಾರುಗಳ ಹಾಗೆ ಸಾಲಾಗಿ ಹೊಳೆಯುತ್ತ ನಿಂತಿದ್ದವು. ಅಂಗಡಿಯವನು ಮೊದಲು ತೋರಿಸಿದ್ದು ಗ್ಯಾಸಿನದು.

"ಒಬ್ರಿಗೆ ಸರಿಯಾಗಿದೆ ಮೇಡಂ. ಎರಡು ತುಂಡು ಕೋಳಿ ಹಾಕ್ಕೊಂಡು ಆರಾಮಾಗಿ..."

"ನಾನು ಒಬ್ಳೇ ಅಂತ ನಿಂಗ್ಯಾರು ಹೇಳಿದ್ದು?" ಎಂದು ಲುವೀನಿಯಾ ಮುಂದಕ್ಕೆ ನಡೆದಳು.

ಮುಂದಿನದು ಕರೆಂಟಿನದು. ಮರದ ಪುಡಿಯ ಗುಳಿಗೆ ತುಂಬಿಸಿದರೆ ಅದೇ ತಿನ್ನುತ್ತದೆ, ಅದೇ ಬೇಯಿಸುತ್ತದೆ, ಕಾವು ಎಷ್ಟಿದೆ ಎಂದು ಫೋನಿಗೆ ಸುದ್ದಿ ಕಳಿಸುತ್ತದೆ. ಹೋಲಿಸ್ ಕೊಂಡದ್ದು ಇದೇ ಜಾತಿಯದು. ಜೊನೆಟ್ಟಾಳ ಮುಖ ಅರಳಿತು. "ನೋಡಮ್ಮ, ಇದನ್ನ ಹಚ್ಚಿಟ್ಟು ನೀನು ಮಲಗಿಬಿಡಬಹುದು."

"ಮಲಗೋಕೆ ನಂಗೆ ಮಂಚ ಇದೆ. ನಾನು ಬಂದಿರೋದು ಒಲೆಗೆ."

"ನಿನ್ನ ಸೊಂಟ ನೋಡ್ಕೋಬೇಡ್ವಾ?"

"ನನ್ನ ಸೊಂಟ ನನ್ನ ಜೊತೇಲೇ ಇದೆ, ಎಲ್ಲೂ ಹೋಗಲ್ಲ." ಲುವೀನಿಯಾ ಒಲೆಯ ಮುಚ್ಚಳವನ್ನು ಕಿರುಬೆರಳಲ್ಲಿ ಎತ್ತಿ ಬಿಟ್ಟಳು. ಅದು ತಗಡಿನ ಡಬ್ಬದ ಹಾಗೆ ಸದ್ದು ಮಾಡಿತು. "ಬೆಂಕಿ ಕಾಯೋದನ್ನ ಇದಕ್ಕೆ ಬಿಟ್ರೆ, ಆಮೇಲೆ ಹೆಸರು ಕೂಗೋಕೆ ಈ ಪೆಟ್ಟಿಗೇನೇ ಎಬ್ಬಿಸಿ ನಿಲ್ಲಿಸ್ತೀಯಾ? ನಡಿ ಮನೆಗೆ."

ಶನಿವಾರ ಅವಳು ಎಮಿಟ್ ಸ್ಕೈಲ್ಸ್‌ನ ಅಂಗಳಕ್ಕೆ ಹೋದಳು. ಎಮಿಟ್ ಎಣ್ಣೆಬಾವಿಗಳ ಕೊಳವೆ ಬೆಸೆಯುವ ಕೆಲಸ ಮಾಡಿ ನಿವೃತ್ತನಾದವನು. ಈಗ ಹಳೆಯ ದಪ್ಪ ಕೊಳವೆಗಳನ್ನು ಕತ್ತರಿಸಿ ಒಲೆ ಮಾಡಿ ಮಾರುತ್ತಾನೆ. ಒಂದು ಪಕ್ಕದಲ್ಲಿ ಬೆಂಕಿಗೂಡು, ನಡುವೆ ಮಾಂಸ ಇಡುವ ಉದ್ದನೆಯ ಹೊಟ್ಟೆ, ಇನ್ನೊಂದು ತುದಿಯಲ್ಲಿ ಹೊಗೆಯ ಕೊಳವೆ. ಸುದ್ದಿ ಹೇಗೋ ಮುಟ್ಟಿ ಹೋಲಿಸ್ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಕಬ್ಬಿಣದ ವ್ಯಾಪಾರಕ್ಕೆ ಒಬ್ಬ ಗಂಡಸು ಬೇಡವೇ?

ಮಾರಾಟಕ್ಕೆ ಮೂರು ಒಲೆಗಳಿದ್ದವು. "ಯಾವುದಾದ್ರೂ ತಗೊಳಿ ಅಮ್ಮಾವ್ರೆ. ಮೂರೂ ಒಂದೇ, ಅಕ್ಕತಂಗೀರ ಹಾಗೆ," ಎಂದ ಎಮಿಟ್.

"ನಂಗೂ ಮೂವರು ತಂಗೀರಿದ್ದಾರೆ ಎಮಿಟ್. ಒಬ್ಳ ಹಾಗೆ ಇನ್ನೊಬ್ಳಿಲ್ಲ. ಮೂರಕ್ಕೂ ಬೆಂಕಿ ಹಾಕು."

ಕಬ್ಬಿಣ ಚೆನ್ನಾಗಿ ಕಾದ ಮೇಲೆ ಅವಳು ಚೀಲದಿಂದ ಬನ್ನಿನ ಹಸಿಹಿಟ್ಟಿನ ಡಬ್ಬಿಗಳನ್ನು ತೆಗೆದಳು. ಚರ್ಚಿನ ಅಡುಗೆಮನೆಯ ಹಳೆಯ ಓವನ್ನುಗಳ ಕಳ್ಳತನ ಹಿಡಿಯಲು ಅಲ್ಲಿನ ಹೆಂಗಸರು ಮಾಡುವ ಕೆಲಸ ಇದು: ತಟ್ಟೆಯ ತುಂಬ ಬನ್ನು ಇಟ್ಟು ನೋಡಿದರೆ ಎಲ್ಲಿ ಕಾವು ಹೆಚ್ಚು, ಎಲ್ಲಿ ಕಡಿಮೆ ಎಂದು ಬನ್ನುಗಳೇ ಹೇಳುತ್ತವೆ. ಅವಳು ಮೂರು ಒಲೆಗಳ ಸರಳುಗಳ ಮೇಲೂ ಹಿಟ್ಟಿನ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ ಮುಚ್ಚಳ ಹಾಕಿದಳು.

ಹೋಲಿಸನಿಗೆ ನಗು ತಡೆಯಲಾಗಲಿಲ್ಲ. "ನೋಡಯ್ಯಾ ಎಮಿಟ್, ಇನ್ನು ನಿನ್ನ ಒಲೇಲಿ ಕೇಕು, ಕಜ್ಜಾಯ ಎಲ್ಲ ಆಗುತ್ತೆ. ಅತ್ತಿಗೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಲ್ವಾ? ಅಡುಗೆಮನೇನ ಇಲ್ಲಿಗೇ ಹೊತ್ಕೊಂಡು ಬಂದ್ರಿ."

"ಹೌದು, ಹೊತ್ಕೊಂಡು ಬಂದೆ. ನೀನು ಏನ್ ತಂದಿದ್ದೀಯ? ಬರೀ ಬಾಯಿ."

ಮುಚ್ಚಳ ತೆಗೆದಾಗ ಮೊದಲ ಒಲೆಯಲ್ಲಿ ಬೆಂಕಿಗೂಡಿನ ಪಕ್ಕದ ಬನ್ನುಗಳು ಇದ್ದಿಲು, ಕೊಳವೆಯ ಪಕ್ಕದವು ಹಸಿಹಸಿ. ಎರಡನೆಯದರಲ್ಲಿ ನಡುವಿನವು ಸುಟ್ಟು ಸುತ್ತಲಿನವು ಬಿಳಿಚಿಕೊಂಡಿದ್ದವು. ಮೂರನೆಯದು ನೋಡಲು ಕುರೂಪಿ, ಬಣ್ಣ ಕಂಡಿರಲಿಲ್ಲ, ಬೆಸುಗೆಯ ಗಂಟುಗಳು ಮೊಡವೆಗಳ ಹಾಗೆ ಎದ್ದಿದ್ದವು. ಆದರೆ ಅದರ ಬನ್ನುಗಳು, ಎಡಗಡೆಯ ಮೂಲೆಯೊಂದು ಬಿಟ್ಟರೆ, ಎಲ್ಲವೂ ಒಂದೇ ಸಮ ಕೆಂಪಗೆ ಉಬ್ಬಿದ್ದವು. ಎಮಿಟ್ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅಕ್ಕತಂಗಿಯರ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ.

"ಇದೇ," ಎಂದಳು ಲುವೀನಿಯಾ. "ಇದರ ಕಾಲು ಕತ್ತರಿಸು."

"ಕಾಲಾ?"

"ನನ್ನ ಎತ್ತರಕ್ಕೆ. ಎಲ್ಲಾ ಒಲೆನೂ ಉದ್ದುದ್ದ ಗಂಡಸ್ರಿಗೇ ಮಾಡಿಟ್ಟಿದ್ದೀಯ. ನಾನು ಸ್ಟೂಲ್ ಹತ್ತಿ ಮಾಂಸ ತಿರುಗಿಸ್ಲಾ?"

ಹೋಲಿಸ್ ಆರಡಿ ದಾಟಿದ ಆಳು. ಅವನಿಗೆ ನಿಜಕ್ಕೂ ಗಾಬರಿಯಾಯಿತು. "ಅತ್ತಿಗೆ, ಕಾಲು ಕತ್ತರಿಸಿದ್ರೆ ಬೇರೆ ಯಾರಿಗೂ ಅದು ಉಪಯೋಗಕ್ಕೆ ಬರಲ್ಲ. ನಾವ್ಯಾರಾದ್ರೂ ನಿಂತ್ರೆ ಸೊಂಟ ಮುರಿದುಹೋಗುತ್ತೆ."

"ಅಲ್ವಾ?" ಎಂದು ಲುವೀನಿಯಾ ಎಮಿಟ್‌ನ ಕಡೆ ತಿರುಗಿ, ಅಂಗೈಯನ್ನು ತನ್ನ ನಡುವಿಗೆ ಅಡ್ಡ ಹಿಡಿದು ಅಳತೆ ತೋರಿಸಿದಳು. "ಇಷ್ಟಕ್ಕೆ."

ಒಲೆ ಹಿತ್ತಲಿನ ಪಿಕಾನ್ ಮರದ ಕೆಳಗೆ, ಹಳೆಯದು ನಿಂತಿದ್ದ ಜಾಗದಲ್ಲೇ ಬಂದು ಕೂತಿತು. ಮೊದಲ ಸಲ ಅವಳು ಇಟ್ಟದ್ದು ದನದ ಎದೆಮಾಂಸದ ಒಂದು ಇಡೀ ತುಂಡು. ಎದೆಮಾಂಸಕ್ಕೆ ಒಂದು ಹಟವಿದೆ. ಅರ್ಧ ಬೆಂದ ಮೇಲೆ ಅದರ ಒಳಗಿನ ಕಾವು ಗಂಟೆಗಟ್ಟಲೆ ಮೇಲೇರುವುದೇ ಇಲ್ಲ. ಬಲ್ಲವರು ಕುರ್ಚಿ ಎಳೆದುಕೊಂಡು ಸುಮ್ಮನೆ ಕೂರುತ್ತಾರೆ. ಲುವೀನಿಯಾ ಸುಮ್ಮನೆ ಕೂರುವ ಜಾಯಮಾನದವಳಲ್ಲ. ಬೆಂಕಿ ಸತ್ತಿತೇನೋ ಎಂದು ಸೌದೆಯ ಮೇಲೆ ಸೌದೆ ಒಟ್ಟಿದಳು. ಬಿಳಿ ಹೊಗೆ ಎದ್ದು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳವರೆಗೂ ಹೋಯಿತು. ಸಂಜೆಗೆ ಹೊರಬಂದ ಮಾಂಸ ಹೊರಗೆ ಕರಕಲು, ಒಳಗೆ ಚಪ್ಪಲಿಯ ಅಟ್ಟೆ, ಬಾಯಿಗಿಟ್ಟರೆ ಕಹಿ.

ಇಂಥ ಸುದ್ದಿಗೆ ಕಾಲು ಬೇಕಾಗಿಲ್ಲ. ಮರುದಿನವೇ ಹೋಲಿಸ್ ಬೇಲಿಯ ಮೇಲೆ ಕೈಯೂರಿ ನಿಂತಿದ್ದ. "ಏನತ್ತಿಗೆ, ಒಲೆ ಸರಿ ಇಲ್ವಂತೆ? ಕುಣಿಯೋಕೆ ಬಾರದವಳು ಅಂಗಳ ಡೊಂಕು ಅಂದ್ಲಂತೆ."

"ಅಂಗಳ ಡೊಂಕು ಅಂತ ನಾನೆಲ್ಲಿ ಅಂದೆ? ನಂಗೆ ಕುಣಿಯೋಕೆ ಬರಲ್ಲ ಅಂತಾನೇ ಹೇಳ್ತಿದ್ದೀನಿ. ಕಲೀತಿದ್ದೀನಿ. ನೋಡೋಕೆ ಕಷ್ಟ ಆದ್ರೆ ಆ ಕಡೆ ತಿರುಕ್ಕೊಂಡು ನಿಂತ್ಕೋ."

ಜೊನೆಟ್ಟಾ ಮಾತ್ರ ನಗಲಿಲ್ಲ. ಅವಳು ತಾಯಿಯ ಕೈಮೇಲಿನ ಸುಟ್ಟ ಬೊಬ್ಬೆಗೆ ಮುಲಾಮು ಹಚ್ಚುತ್ತ ಮೆಲ್ಲಗೆ ಕೇಳಿದಳು. "ಅಮ್ಮ, ಅವತ್ತು ಎಲ್ಲರ ಮುಂದೆ ಹೀಗೇ ಕೆಟ್ರೆ? ಹೂಸ್ಟನ್‌ನಿಂದೆಲ್ಲ ಬರ್ತಾರೆ. ಚಿಕ್ಕಪ್ಪನಿಗೇ ಬಿಟ್ಟುಬಿಡೋಣ."

"ನಿಮ್ಮಪ್ಪ ಮೊದಲನೇ ವರ್ಷ ಮಾಡಿದ ಮಾಂಸ ಹೇಗಿತ್ತು ಗೊತ್ತಾ ನಿಂಗೆ? ನೀನಿನ್ನೂ ಹುಟ್ಟಿರ್ಲಿಲ್ಲ. ನಾಯಿಗೆ ಹಾಕಿದ್ವಿ. ನಾಯಿ ಮೂಸಿ, ನಮ್ಮ ಮುಖ ನೋಡಿ ಹೊರಟುಹೋಯ್ತು. ಎರಡನೇ ವರ್ಷನೂ ಅಷ್ಟೆ. ಆಗ ಯಾರೂ ಅವನ ಕೈಯಿಂದ ಬೆಂಕಿ ಕಿತ್ಕೊಳ್ಲಿಲ್ಲ. ಮುಂದಿನ ಸಲ ಚೆನ್ನಾಗಾಗುತ್ತೆ ಬಿಡೋ ಅಂದ್ರು." ಅವಳು ಕೈ ಹಿಂದಕ್ಕೆಳೆದುಕೊಂಡಳು. "ಹಾಳು ಮಾಡೋ ಹಕ್ಕು ಅವನಿಗಿತ್ತು. ನಂಗ್ಯಾಕಿಲ್ಲ?"

ಲುವೀನಿಯಾ ಇನ್ನೂ ಕೆಲವು ಸಲ ಹಾಳು ಮಾಡಿದಳು, ಒಂದೊಂದು ಸಲಕ್ಕೂ ಒಂದಿಷ್ಟು ಕಡಿಮೆ. ಕೈಕಟ್ಟಿ ಕೂರುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಜೂನ್ ಹತ್ತೊಂಬತ್ತರಂದು ಅಂಗಳದ ತುಂಬ ಪೆಟವೇಗಳು. ಅವಳು ಹಿಂದಿನ ಸಂಜೆಯಿಂದ ಒಲೆಯ ಪಕ್ಕ ಬಿಟ್ಟೆದ್ದಿರಲಿಲ್ಲ. ಕಣ್ಣುಗಳು ಕೆಂಪಗಿದ್ದವು, ಕೂದಲಿಗೆ ಬೂದಿ ಹಿಡಿದಿತ್ತು. ಹೋಲಿಸ್ ಬಂದ, ಎರಡೂ ಕೈಯಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ದೊಡ್ಡ ತಟ್ಟೆ ಹಿಡಿದು. ಅವನ ಕರೆಂಟಿನ ಪೆಟ್ಟಿಗೆ ಮಾಡಿದ ಎದೆಮಾಂಸ. "ಇರಲಿ ಅಂತ ತಂದೆ ಅತ್ತಿಗೆ. ಒಂದು ವೇಳೆ..."

"ಒಳ್ಳೇದಾಯ್ತು," ಎಂದಳು ಲುವೀನಿಯಾ. "ಸಲಾಡ್ ಇಡೋ ಜಾಗದಲ್ಲಿಡು. ಈ ಸಲ ಸಲಾಡ್ ಮಾಡೋಕೆ ನಂಗೆ ಪುರುಸೊತ್ತಾಗ್ಲಿಲ್ಲ."

ಆಮೇಲೆ ಅವಳು ಚಾಕು ಹಿಡಿದು ಮೇಜಿನ ತುದಿಯಲ್ಲಿ ನಿಂತಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಕಾಯಲಿಲ್ಲ. ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥ ಆ ದನಿಯಲ್ಲಿ ಹೆಸರುಗಳನ್ನು ಕೂಗಿದಳು. ಬಿಡುಗಡೆಯ ಸುದ್ದಿಯನ್ನು ಹೊಲದಲ್ಲಿ ನಿಂತು ಕೇಳಿದ ಮುತ್ತಜ್ಜ ಪ್ರೈಮಸ್‌ನಿಂದ ಹಿಡಿದು ಒಂದೊಂದಾಗಿ. ಗಂಡಸರು ಕೂಗುವಾಗ ಯಾವಾಗಲೂ ಬಿಟ್ಟುಹೋಗುತ್ತಿದ್ದ ಹೆಂಗಸರ ಹೆಸರುಗಳನ್ನೂ ಕೂಗಿದಳು: ಪ್ರೈಮಸ್‌ನ ಹೆಂಡತಿ ಡೈಸಾ, ಅವಳ ಸೊಸೆ ಒಲಿವೆಟ್, ತನ್ನ ಅತ್ತೆ ಮ್ಯಾಗ್ನೋಲಿಯಾ. ತಾಯಿಯ ಹೆಸರು ಕೇಳಿದ್ದೇ ಹೋಲಿಸ್ ಟೋಪಿ ತೆಗೆದ. ಕೊನೆಯದು ಆರ್ವೆಲ್. ಅಲ್ಲಿ ಅವಳ ದನಿ ಒಡೆಯಿತು. ಒಡೆದ ದನಿಯಲ್ಲೇ ಇನ್ನೊಮ್ಮೆ ಕೂಗಿ ಮಾಂಸಕ್ಕೆ ಚಾಕು ಹಾಕಿದಳು.

ಬಲಗಡೆಯ ತುಂಡುಗಳು ಬೆಣ್ಣೆ. ಎಡಗಡೆಯ ತುದಿ, ಬನ್ನುಗಳು ಮೊದಲೇ ಹೇಳಿದ್ದ ಆ ಮೂಲೆಯದು, ಗಟ್ಟಿ. ಹೋಲಿಸನ ಪಾಲಿಗೆ ಬಂದದ್ದು ಎಡಗಡೆಯದು. ಅವನು ಬಹಳ ಹೊತ್ತು ಅಗಿದ. ಇಡೀ ಮೇಜು ಅವನ ಬಾಯನ್ನೇ ನೋಡಿತು.

"ಗಟ್ಟಿ ಇದೆ ಅತ್ತಿಗೆ."

"ಗಟ್ಟಿನೇ. ಹಲ್ಲಿದೆಯಲ್ಲ, ಅಗಿ."

ಮೊದಲು ನಕ್ಕವಳು ಜೊನೆಟ್ಟಾ, ಆಮೇಲೆ ಇಡೀ ಅಂಗಳ. ಹೋಲಿಸನೂ ನಕ್ಕ, ಬಾಯಿ ತುಂಬಿದ್ದರಿಂದ ಕಷ್ಟಪಟ್ಟು. ಅವನ ತಟ್ಟೆಯಲ್ಲಿ ಏನೂ ಉಳಿಯಲಿಲ್ಲ ಎಂಬುದನ್ನು ಲುವೀನಿಯಾ ನೋಡಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ತನ್ನ ತಟ್ಟೆ ಒಯ್ಯಲು ಬಂದ ಹೋಲಿಸ್ ಹಿತ್ತಲಿಗೆ ಬಂದಾಗ ಅವಳು ಸಲಿಕೆ ಹಿಡಿದು ಬೆಂಕಿಗೂಡಿನ ಮುಂದೆ ನಿಂತಿದ್ದಳು.

"ಅಯ್ಯೋ ಅತ್ತಿಗೆ, ಬೂದಿ ತೆಗೀಬೇಡಿ! ಅಣ್ಣ ಯಾವತ್ತೂ ತೆಗೀತಿರ್ಲಿಲ್ಲ."

"ನಿಮ್ಮಣ್ಣನ ಒಲೆಗೆ ತಳ ಎಲ್ಲಿದೆ?"

ಹೋಲಿಸ್ ಮರದ ಬುಡದಲ್ಲಿ ಬಿದ್ದಿದ್ದ ಹಳೆಯ ಒಲೆಯನ್ನು ನೋಡಿದ. ಅದರ ತೂತಿನಿಂದ ಹುಲ್ಲು ಮೇಲೆ ಬಂದಿತ್ತು. ಲುವೀನಿಯಾ ಸಲಿಕೆಯನ್ನು ಅವನ ಕೈಗಿಟ್ಟಳು.

ಆ ಗಿಡ್ಡ ಒಲೆಯ ಮುಂದೆ ಆರಡಿಯ ಮನುಷ್ಯ ಎರಡು ಮಡಿಕೆಯಾಗಿ ಬಗ್ಗಿದ, ನರಳಿದ, ತಲೆಯನ್ನು ಗೂಡಿನೊಳಗೆ ತೂರಿಸಿ ಬೂದಿ ಎಳೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಅವನ ದನಿ ಬಂತು. "ಮುಂದಿನ ವರ್ಷ ಆ ಎಡಗಡೆ ಮೂಲೆ ಒಂದು ನೋಡ್ಕೊಳಿ ಅತ್ತಿಗೆ."

ಮುಂದಿನ ವರ್ಷ ಎಂಬ ಮಾತನ್ನು ಲುವೀನಿಯಾ ಕೇಳಿಸಿಕೊಂಡಳು. ಕುರ್ಚಿ ಎಳೆದುಕೊಂಡು, ಕೈಕಟ್ಟಿ, ಆರಾಮಾಗಿ ಕೂತಳು.

"ಹಿಂದುಗಡೆ ಇನ್ನೂ ಇದೆ ಹೋಲಿಸ್. ಇನ್ನೂ ಸ್ವಲ್ಪ ಬಗ್ಗು."